ಎರಡು ಬೇಲಿಗಳ ನಡುವೆ ಒಂದು ಊರು

ಅಮೃತಸರಕ್ಕೆ ಪ್ರವಾಸ ಹೋದವರು ಬೆಳಿಗ್ಗೆ ಸ್ವರ್ಣಮಂದಿರ, ಜಲಿಯನ್‌ವಾಲಾ ಬಾಗ್ ನೋಡಿ, ಊಟ ಮುಗಿಸಿ ಗಡಿಯತ್ತ ಹೊರಡುವುದು ವಾಡಿಕೆ. ಸುಮಾರು 30 ಕಿ.ಮೀ. ದಾರಿ. ಭಾರತದ ಕಡೆಯ ಹಳ್ಳಿ ಅಟಾರಿ. ಎಲ್ಲರ ಬಾಯಲ್ಲಿರುವ ವಾಘಾ ಇರುವುದು ಪಾಕಿಸ್ತಾನದ ನೆಲದಲ್ಲಿ. ಬೇಲಿಯ ಈಚೆಗೂ ಆಚೆಗೂ ಅದೇ ಮೆಕ್ಕಲು ಮಣ್ಣು, ಅದೇ ಗೋಧಿ, ಅದೇ ಭತ್ತ. ಗೆರೆ ಇರುವುದು ನಕ್ಷೆಯಲ್ಲಿ.

ಈ ಗೆರೆಯನ್ನು ನಿರ್ಧರಿಸಿದವರು ಅದುವರೆಗೆ ಭಾರತವನ್ನೇ ಕಂಡಿರದ ಇಂಗ್ಲಿಷ್ ವಕೀಲ ಸಿರಿಲ್ ರ‍್ಯಾಡ್‌ಕ್ಲಿಫ್. ಅವರಿಗೆ ಸಿಕ್ಕಿದ್ದು ಸುಮಾರು ಐದು ವಾರ. ಗೆರೆ ಪ್ರಕಟವಾದದ್ದು 1947ರ ಆಗಸ್ಟ್ 17ರಂದು, ಅಂದರೆ ಸ್ವಾತಂತ್ರ್ಯ ಬಂದ ಎರಡು ದಿನಗಳ ಮೇಲೆ! ಒಂದು ಕೋಟಿಗೂ ಹೆಚ್ಚು ಜನ ಮನೆಮಠ ಬಿಟ್ಟು ನಡೆದರು. ಸತ್ತವರು ಎರಡು ಲಕ್ಷವೆಂದು ಕೆಲವರು, ಹತ್ತು ಲಕ್ಷವೆಂದು ಕೆಲವರು ಅಂದಾಜು ಮಾಡುತ್ತಾರೆ.

ಅಂಕಿಅಂಶ ಹೇಳಲಾರದ್ದನ್ನು ಕಥೆಗಾರರು ಹೇಳಿದರು. ಅಮೃತಸರದಲ್ಲಿ ಬೆಳೆದ ಸಾದತ್ ಹಸನ್ ಮಂಟೋ 1948ರಲ್ಲಿ ಲಾಹೋರಿಗೆ ಹೋದರು. 1955ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ 'ಟೋಬಾ ಟೇಕ್ ಸಿಂಗ್' ಕಥೆಯಲ್ಲಿ ಎರಡೂ ದೇಶಗಳು ಮಾನಸಿಕ ರೋಗಿಗಳನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತವೆ. ಲಾಹೋರಿನ ಆಸ್ಪತ್ರೆಯಲ್ಲಿದ್ದ ಬಿಷನ್ ಸಿಂಗ್‌ನದು ಒಂದೇ ಪ್ರಶ್ನೆ: ತನ್ನ ಊರು ಈಗ ಯಾವ ದೇಶದಲ್ಲಿದೆ? ಪಾಕಿಸ್ತಾನದಲ್ಲಿ ಎಂದು ತಿಳಿದ ಮೇಲೆ ಅವನು ಗಡಿ ದಾಟಲು ಒಪ್ಪುವುದಿಲ್ಲ. ಇದೇ ವಾಘಾದಲ್ಲಿ, ಯಾರಿಗೂ ಸೇರದ ತುಂಡು ನೆಲದ ಮೇಲೆ ಕುಸಿದು ಬೀಳುತ್ತಾನೆ. ಹುಚ್ಚನೆಂದು ಕೂಡಿಹಾಕಿದ್ದ ಮನುಷ್ಯ ಕೇಳಿದ್ದು ಮಾತ್ರ ತೀರಾ ನ್ಯಾಯವಾದ ಪ್ರಶ್ನೆ.

ಪೆಟ್ಟು ತಿಂದ ಮನಸ್ಸು ತಕ್ಷಣ ಬಾಯಿ ಬಿಡುವುದಿಲ್ಲ. 1947ರಲ್ಲಿ ರಾವಲ್ಪಿಂಡಿಯ ಗಲಭೆ ಕಂಡಿದ್ದ ಭೀಷ್ಮ ಸಾಹ್ನಿ 'ತಮಸ್' ಕಾದಂಬರಿ ಬರೆದದ್ದು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. 1970ರ ಗಲಭೆಯ ನಂತರ ಭಿವಂಡಿಗೆ ಹೋದಾಗ, ಅಲ್ಲಿಯ ಹಾಳುಬಿದ್ದ ಬೀದಿಗಳು ಅವರಿಗೆ ಹಳೆಯ ಊರನ್ನು ನೆನಪಿಗೆ ತಂದವು. 1988ರಲ್ಲಿ ದೂರದರ್ಶನದಲ್ಲಿ ಬಂದ ಈ ಕಥೆ ಅನೇಕ ಪಾಲಕರಿಗೆ ನೆನಪಿರಬಹುದು.

ಅಮೃತಸರದ ಹಳೆಯ ಟೌನ್‌ಹಾಲ್‌ನಲ್ಲಿ 2017ರಲ್ಲಿ ತೆರೆದ ವಿಭಜನೆಯ ವಸ್ತುಸಂಗ್ರಹಾಲಯವನ್ನೂ ತಪ್ಪದೆ ನೋಡಬೇಕು. ಅಲ್ಲಿ ಕಸೂತಿಯ ಒಂದು ಫುಲ್ಕಾರಿ ಕೋಟು, ಒಂದು ಚರ್ಮದ ಪೆಟ್ಟಿಗೆ ಇವೆ. ಮದುವೆ ನಿಶ್ಚಯವಾಗಿದ್ದ ಹುಡುಗ ಹುಡುಗಿ ಬೇರೆ ಬೇರೆ ದಾರಿಯಲ್ಲಿ ಓಡಿಬಂದು, ನಿರಾಶ್ರಿತರ ಶಿಬಿರದ ಊಟದ ಸಾಲಿನಲ್ಲಿ ಮತ್ತೆ ಭೇಟಿಯಾದರು. ಬರುವಾಗ ಅವರು ಹೊತ್ತು ತಂದ ವಸ್ತುಗಳವು.

ಗಡಿಯಲ್ಲಿ ಸೈನಿಕರ ಕವಾಯತು ಕಂಡು ಮಕ್ಕಳು ಚಪ್ಪಾಳೆ ತಟ್ಟುವುದು ಸಹಜ. ಹೊರಡುವ ಮುನ್ನ ಮಂಟೋನ ಆ ಪುಟ್ಟ ಕಥೆಯನ್ನೂ ಓದಿಸಿದರೆ, ಆ ಎರಡು ಬಾಗಿಲುಗಳ ನಡುವಿನ ನೆಲವೂ ಅವರ ಕಣ್ಣಿಗೆ ಬಿದ್ದೀತು. ನಮ್ಮಲ್ಲಿ ಹೊಸಬರನ್ನು ಕಂಡರೆ ಮೊದಲು ಕೇಳುವುದೇ "ಯಾವೂರು ನಿಮ್ಮದು?" ಎಂದು. ಉತ್ತರಿಸಲು ಆಗದೆ ಬಿಷನ್ ಸಿಂಗ್ ಸತ್ತ.

ಟೋಬಾ ಎಂದರೆ ಕೊಳ. ದಾರಿಹೋಕರಿಗೆ ಕೊಳದ ನೀರು ಕೊಡುತ್ತಿದ್ದ ಟೇಕ್ ಸಿಂಗ್ ಎಂಬ ಸಿಖ್ಖನಿಂದ ಊರಿಗೆ ಆ ಹೆಸರು ಬಂತೆಂದು ಪ್ರತೀತಿ. ಪಾಕಿಸ್ತಾನದ ನಕ್ಷೆಯಲ್ಲಿ ಅದು ಇಂದಿಗೂ ಟೋಬಾ ಟೇಕ್ ಸಿಂಗ್ ಎಂದೇ ಇದೆ.