ಅಲಗಿನ ಹದ

ಮೈಸೂರಿನಲ್ಲಿ ಮಹಾನವಮಿಯಂದು ಆಯುಧಗಳಿಗೆ ಪೂಜೆ ಸಲ್ಲುತ್ತದೆ. ಮರುದಿನ ಜಂಬೂಸವಾರಿಯು ಅರಮನೆಯಿಂದ ಹೊರಟು ಸುಮಾರು 5 ಕಿ.ಮೀ. ದೂರದ ಬನ್ನಿಮಂಟಪವನ್ನು ಸೇರುತ್ತದೆ. ಅಜ್ಞಾತವಾಸಕ್ಕೆ ಮುನ್ನ ಪಾಂಡವರು ತಮ್ಮ ಶಸ್ತ್ರಗಳನ್ನು ಬಚ್ಚಿಟ್ಟದ್ದು ಶಮೀವೃಕ್ಷದಲ್ಲಿ, ಎಂದರೆ ಬನ್ನಿಯ ಮರದಲ್ಲಿ, ಎಂಬ ನಂಬಿಕೆ ಈ ಯಾತ್ರೆಯ ಹಿಂದಿದೆ. ಅರಮನೆಯ ಖಡ್ಗದಂತೆಯೇ ಮನೆಮನೆಯ ಈಳಿಗೆಮಣೆ, ಮಚ್ಚು, ಕುಡುಗೋಲುಗಳಿಗೂ ಆ ದಿನಗಳಲ್ಲಿ ಅರಿಶಿನ ಕುಂಕುಮ ಸಲ್ಲುವ ಈ ನಾಡಿನಲ್ಲಿ, ಅಲಗೊಂದು ಹೇಗೆ ರೂಪುಗೊಳ್ಳುತ್ತದೆ ಎಂಬ ತಿಳಿವಳಿಕೆಗೂ ಅಷ್ಟೇ ಗೌರವ ಸಲ್ಲಬೇಕು.

ಆ ತಿಳಿವಳಿಕೆ ಇಲ್ಲಿಗೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ, ಇದ್ದಿಲಿನ ಉರಿಯಲ್ಲಿ ಕಾಯಿಸಿ ಉಕ್ಕು ಮಾಡುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಸಸ್ಯದಲ್ಲಿರುವ ಇಂಗಾಲವನ್ನು ಕಬ್ಬಿಣ ಹೀರಿಕೊಂಡು ಉಕ್ಕಾಗುವುದೇ ಇದರ ಗುಟ್ಟು. ಆದರೆ ಇಂಗಾಲ ಅಷ್ಟು ಹೆಚ್ಚಾಗಿರುವ ಮೂಸೆಯುಕ್ಕು ಅತಿಯಾಗಿ ಕಾಯ್ದರೆ ಸುತ್ತಿಗೆಯ ಏಟಿಗೆ ಒಡೆಯುವುದರಿಂದ, ಕಲಿಕೆಯನ್ನು ಅದರಿಂದ ಆರಂಭಿಸುವುದು ತರವಲ್ಲ.

ಹೊಸಬರಿಗೆ ಸುಮಾರು 0.6ರಿಂದ 0.8 ಶೇಕಡಾ ಇಂಗಾಲವಿರುವ ಸಾದಾ ಉಕ್ಕು ಸಾಕು. ಕಟ್ಟಡದ ಸರಳಿನಲ್ಲಿ ಇಂಗಾಲ ತೀರ ಕಡಿಮೆಯಿರುವುದರಿಂದ ಅದು ಎಷ್ಟು ಕಾಯಿಸಿದರೂ ಒಳ್ಳೆಯ ಅಲಗಾಗಿ ಗಡುಸಾಗದು. ಲಾರಿಯ ಹಳೆಯ ಕಮಾನುಪಟ್ಟಿ ಗಡುಸಾಗುತ್ತದಾದರೂ ವರ್ಷಗಟ್ಟಲೆ ಭಾರ ಹೊತ್ತು ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದಾದ್ದರಿಂದ, ಹೊಸ ಪಟ್ಟಿಯನ್ನು ಕೊಳ್ಳುವುದೇ ಲೇಸು. ಕುಲುಮೆಯಿಲ್ಲದವರು ಪಟ್ಟಿಯನ್ನು ಗರಗಸದಿಂದ ಕೊಯ್ದು, ಅರದಿಂದ ಉಜ್ಜಿ ತರಕಾರಿ ಹೆಚ್ಚುವ ಸಣ್ಣ ಚಾಕುವಿನ ಆಕಾರಕ್ಕೆ ತರಬಹುದು. ಅಂಚನ್ನು ಈ ಹಂತದಲ್ಲೇ ಹರಿತಗೊಳಿಸದೆ ಸುಮಾರು 1 ಮಿ.ಮೀ. ದಪ್ಪ ಉಳಿಸಬೇಕು, ಇಲ್ಲವಾದರೆ ಮುಂದಿನ ಕಾವಿನಲ್ಲಿ ಅದು ಸೊಟ್ಟಗಾಗುತ್ತದೆ.

ಚಾಕುವಿನ ನಿಜವಾದ ಹುಟ್ಟು ಇರುವುದು ಹದದಲ್ಲಿ. ಕೆಂಪಗೆ ಕಾಯುತ್ತಿರುವ ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಸ್ವಲ್ಪವೇ ಹೆಚ್ಚು ಕಾಯಿಸಿ, 50 ಡಿಗ್ರಿಯಷ್ಟು ಬೆಚ್ಚಗಿರುವ ಕಡಲೆಕಾಯಿ ಎಣ್ಣೆಯಲ್ಲಿ ನೇರವಾಗಿ ಅದ್ದಿದಾಗ, ಇಂಗಾಲದ ಕಣಗಳು ಹೊರಬರಲು ಎಡೆಯಿಲ್ಲದೆ ಹರಳಿನ ಜಾಲದೊಳಗೇ ಸಿಕ್ಕಿಬೀಳುತ್ತವೆ. ಲೋಹಶಾಸ್ತ್ರಜ್ಞರು ಮಾರ್ಟೆನ್ಸೈಟ್ ಎನ್ನುವ ಈ ಸ್ಥಿತಿಯಲ್ಲಿ ಅಲಗಿನ ಮೇಲೆ ಅರ ಹಿಡಿಯದೆ ಜಾರುತ್ತದೆ. ನೀರಿನಲ್ಲಿ ಅದ್ದಿದರೆ ತೆಳು ಅಲಗು ಬಿರಿಯುವ ಅಪಾಯ ಹೆಚ್ಚು; ಎಣ್ಣೆಗೆ ಬೆಂಕಿ ಹತ್ತಬಹುದಾದ್ದರಿಂದ ಲೋಹದ ಪಾತ್ರೆಯೂ ಅದಕ್ಕೊಪ್ಪುವ ಮುಚ್ಚಳವೂ ಕೈಗೆಟಕುವಲ್ಲಿರಬೇಕು, ಆ ಬೆಂಕಿಗೆ ನೀರನ್ನು ಎಂದಿಗೂ ಎರಚಬಾರದು. ಹೀಗೆ ಗಡುಸಾದ ಅಲಗು ಕೆಳಗೆ ಬಿದ್ದರೂ ಒಡೆಯುವಷ್ಟು ಪೆಡಸಾಗಿರುತ್ತದೆ. ತಡಮಾಡದೆ ಅದನ್ನು ಓವನ್ನಿನಲ್ಲಿ 200 ಡಿಗ್ರಿಗೆ ತಲಾ 2 ಗಂಟೆಯಂತೆ ಎರಡು ಬಾರಿ ಇರಿಸಿದಾಗ ಪೆಡಸುತನ ತಗ್ಗಿ, ಉಜ್ಜಿದ ಮೈಯ ಮೇಲೆ ಒಣಹುಲ್ಲಿನ ಬಣ್ಣ ಮೂಡುತ್ತದೆ.

ಹಿಡಿಗೆ ಮೈಸೂರಿನಲ್ಲಿ ಬೀಟೆಯ ನೆನಪಾಗುವುದು ಸಹಜ. ಬೀಟೆಯ ಮೇಲಿನ ಕುಸುರಿಗೆ ಈ ಊರು ಹೆಸರಾಗಿದೆ. ಆದರೆ ಆ ಮರದ ಪುಡಿ ಶ್ವಾಸಕೋಶಕ್ಕೂ ಚರ್ಮಕ್ಕೂ ಕಿರಿಕಿರಿ ಮಾಡುವುದರಿಂದ ಮುಖಗವಸಿಲ್ಲದೆ ಉಜ್ಜಬಾರದು. ಹಿಡಿ ಕೂಡಿಸಿದ ಬಳಿಕ ಸಾಣೆ ಹಿಡಿದು, ಒಣಗಿದ ಮರವನ್ನು ಕೆತ್ತಿ ಪರೀಕ್ಷಿಸಬೇಕು. ಬಾಯಿ ಚಕ್ಕೆಯೇಳುತ್ತಿದ್ದರೆ ಹಿಡಿಯನ್ನು ಬಿಚ್ಚಿ ಇನ್ನೊಂದು 15 ಡಿಗ್ರಿ ಹೆಚ್ಚಿನ ಕಾವಿನಲ್ಲಿ ಮತ್ತೆ ಹದಗೊಳಿಸಬೇಕು; ಮಡಚುತ್ತಿದ್ದರೆ ಉಕ್ಕು ಮೆದುವಾಗಿದೆ, ಅಯಸ್ಕಾಂತದ ಹಂತದಿಂದ ಕೆಲಸವನ್ನು ಮತ್ತೆ ಆರಂಭಿಸಬೇಕು.