ಕೈಗೆ ಗೊತ್ತಿರುವ ಜಾಗ

ವಾಚನಾಲಯದ ಪುಸ್ತಕಕ್ಕೆ ಒಂದು ಬರಹ ಕೊಡರಿ ಅಂತ ಗುರುಗಳು ಕೇಳಿದಾಗ, ನಾನು ತತ್ವಪದದ ಬಗ್ಗೆ ಬರೀತೀನಿ ಅಂತ ಅವರು ತಿಳಕೊಂಡಿದ್ದರು. ಅದು ಮುಂದಿನ ವರ್ಷಕ್ಕಿರಲಿ. ಈ ಸಲ ಕರೆಂಟಿನ ಕಾರಿನ ಬಗ್ಗೆ ಬರೀತೀನಿ. ಏಳನೇತ್ತೆ ಕಲಿತ ರೈತ ಕಾರಿನ ಬಗ್ಗೆ ಏನು ಬರೀತಾನ ಅಂತ ನಗಬ್ಯಾಡ್ರಿ. ಕಾರಿನ ಬ್ಯಾಟರಿ, ಮೋಟಾರು ನನಗ ತಿಳಿಯೋದಿಲ್ಲ. ನಾನು ಬರಿಯೋದು ಕೈಯ ಬಗ್ಗೆ. ಐವತ್ತು ವರ್ಷ ಕೈಯಿಂದಲೇ ಉಂಡವನು, ಅಷ್ಟು ಹೇಳೋ ಹಕ್ಕು ನನಗೈತಿ.

ನಮ್ಮ ಅಳಿಯಂದಿರು ಸೊಲ್ಲಾಪುರದಾಗ ಇರತಾರ. ಹೋದ ವರ್ಷ ಕರೆಂಟಿನ ಕಾರು ತಗೊಂಡರು. ಕಂಪನಿ ಹೆಸರು ಬ್ಯಾಡ, ಈಗ ಬಹಳ ಕಂಪನಿಗಳ ಗಾಡಿ ಹಂಗೇ ಬರತಾವ. ಗಾಡಿ ಚಲೋ ಐತಿ, ಸುಳ್ಳು ಹೇಳಬಾರದು. ಒಳಗ ಕುಂತು ಒಂದು ಪದ ಎತ್ತಿದರ ನಮ್ಮ ದನಿ ನಮಗ ಕೇಳತೈತಿ. ಇಪ್ಪತ್ತು ವರ್ಷ ಡೀಸೆಲ್ ಜೀಪಿನಾಗ ಭಜನಿಗೆ ಹೋದ ನಮ್ಮ ಮೇಳದವರಿಗೆ ಇದರ ಬೆಲೆ ಗೊತ್ತು. ರಾತ್ರಿ ಮನ್ಯಾಗ ಚಾರ್ಜಿಗೆ ಹಚ್ಚತಾರ, ಮುಂಜಾನೆ ಹೊಂಡತಾರ.

ಆದರ ಮುಂದಿನ ಸೀಟಿನಾಗ ಕುಂತು ನೋಡಿದರ ಎಲ್ಲಾ ಬೋಳು. ಕೊಯ್ಲಾದ ಮ್ಯಾಲಿನ ಹೊಲ ಇದ್ದಂಗ. ಗುಂಡಿ ಇಲ್ಲ, ತಿರುವೋದಿಲ್ಲ, ಎಳಿಯೋದಿಲ್ಲ. ನಡುವ ಒಂದು ದೊಡ್ಡ ಪರದೆ, ಅಷ್ಟೇ. ತಂಪು ಗಾಳಿ, ರೇಡಿಯೋ, ದೀಪ, ಕನ್ನಡಿ ತಿರುವೋದು, ಎಲ್ಲಾ ಆ ಪರದೆಯ ಹೊಟ್ಟ್ಯಾಗ ಸೇರಿಕೊಂಡಾವ. ಒಂದು ಚಿತ್ರ ಒತ್ತಿದರ ಇನ್ನೊಂದು ಪುಟ, ಅಲ್ಲಿ ಒತ್ತಿದರ ಮತ್ತೊಂದು ಪುಟ.

ಈ ಪದ್ಧತಿಗೆ ಹೆಸರು ತಂದದ್ದು ಅಮೆರಿಕದ ಟೆಸ್ಲಾ. 2012ರಲ್ಲಿ ಬಂದ ಅದರ ಮಾಡೆಲ್ ಎಸ್ ಕಾರಿನಲ್ಲಿ 17 ಇಂಚಿನ ಪರದೆ ಇತ್ತು. 2017ರ ಮಾಡೆಲ್ 3 ಕಾರಿನಲ್ಲಿ ಚಾಲಕನ ಎದುರಿಗಿನ ಮೀಟರನ್ನೂ ತೆಗೆದು, ವೇಗವನ್ನೂ ನಡುವಿನ ಪರದೆಯ ಮೇಲೆಯೇ ತೋರಿಸಿದರು. ಗಾಳಿ ಯಾವ ಕಡೆ ಬೀಸಬೇಕು ಅನ್ನುವುದಕ್ಕೂ ಪರದೆ ಮುಟ್ಟಬೇಕು, ಮುಂದಿನ ಸಣ್ಣ ಡಬ್ಬಿ ತೆಗೆಯಲಿಕ್ಕೂ ಪರದೆಯೇ ಬೇಕು. ಡಬ್ಬಿಯ ಬಾಗಿಲು ತೆಗೆಯಾಕ ಸುದ್ದಾ!

ಕಂಪನಿಯವರು ಹಿಂಗ್ಯಾಕ ಮಾಡತಾರ ಅಂದರ ಲೆಕ್ಕ ಸರಳ ಐತಿ. ಒಂದೊಂದು ಬಟನ್ನಿಗೂ ಒಂದು ಅಚ್ಚು, ಒಂದು ವೈರು, ಅದನ್ನ ಕೂಡಿಸುವ ಕೂಲಿ. ಪರದೆ ಒಂದೇ ಸಲ ಕೂಡಿಸಿದರ ಮುಗೀತು. ಗಾಡಿ ಮಾರಿದ ಮೇಲೂ ಮೊಬೈಲಿನಂಗ ಹೊಸ ಹೊಸ ಅನುಕೂಲ ಅದರೊಳಗ ಕಳಿಸಬಹುದು. ನೋಡಾಕೂ ಚಂದ. ಮಂದಿ ಅಂಗಡ್ಯಾಗ ನಿಂತ ಗಾಡಿಯೊಳಗ ಕುಂತು ನೋಡತಾರ, ಅಲ್ಲಿ ಪರದೆ ಬೆಳಗತಿರತೈತಿ. ನಿಂತ ಗಾಡಿಯಾಗ ಅದರಿಂದ ಏನೂ ತೊಂದರಿ ಇಲ್ಲ.

ಹೋದ ಕಾರ್ತಿಕದಾಗ ಒಂದು ಭಜನಿ ಮುಗಿಸಿ ರಾತ್ರಿ ಹನ್ನೊಂದಕ್ಕ ಜತ್ತದ ಕಡೆ ಹೊರಟಿದ್ದೆವು. ಅಳಿಯಂದಿರು ಹೊಡೀತಿದ್ದರು, ನಾನು ಬಾಜೂಕ, ಹಿಂದ ಮೂರು ಮಂದಿ. ಅಕಾಲದ ಮಳಿ ಹಿಡೀತು. ಐದು ಮಂದಿಯ ಉಸಿರಿಗೆ ಮುಂದಿನ ಗಾಜು ಒಳಗಿಂದ ಮಬ್ಬಾತು. ಹಳೇ ಗಾಡಿಯಾಗ ಇದಕ್ಕೊಂದು ಗುಂಡಿ ಇರತಿತ್ತು, ರಸ್ತೆ ಮೇಲಿನ ಕಣ್ಣು ತೆಗೀದೆ ತಿರುವಿದರ ಗಾಜಿಗೆ ಗಾಳಿ ಬಡಿದು ಮಬ್ಬು ಹೋಗತಿತ್ತು. ಇಲ್ಲಿ ಅಳಿಯಂದಿರು ಒಮ್ಮೆ ರಸ್ತೆ, ಒಮ್ಮೆ ಪರದೆ ನೋಡಾಕ ಹತ್ತಿದರು. ಗಾಡಿ ಕುಲುಕಿದಾಗ ಬೆರಳು ಬಾಜೂಕಿನ ಚಿತ್ರಕ್ಕ ತಾಗಿ ಹಾಡು ಸುರು ಆತು.

"ಮಾಮಾ, ಆ ಮೂಲ್ಯಾಗಿನ ಚಿತ್ರ ಸ್ವಲ್ಪ ಒತ್ತರಿ" ಅಂದರು.

ಒತ್ತಿದೆ. ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದೆ. ಆಗಲೂ ಇಲ್ಲ. ನನ್ನ ಬೆರಳಿನ ತುದಿ ಸಲಿಕಿ ಹಿಡಿದು ಹಿಡಿದು ದಡ್ಡುಗಟ್ಟ್ಯಾವ. ಆ ಪರದೆ ಒತ್ತಡಕ್ಕ ಕೆಲಸ ಮಾಡೋದಿಲ್ಲ, ಬೆರಳು ತಾಗಿದಾಗ ಪರದೆಯ ಸೂಕ್ಷ್ಮ ವಿದ್ಯುತ್ತಿನಾಗ ಆಗುವ ಬದಲಾವಣೆಯನ್ನ ಗುರುತು ಹಿಡೀತೈತಿ. ಒಣಗಿ ದಪ್ಪಾದ ಚರ್ಮ ಇದ್ದರ ಅದಕ್ಕ ಬೆರಳು ಬಂದದ್ದೇ ತಿಳಿಯೋದಿಲ್ಲ. ಇದನ್ನ ಆಮೇಲೆ ನಮ್ಮ ಶಾಲಿ ವಿಜ್ಞಾನದ ಗುರುಗಳು ತಿಳಿಸಿ ಹೇಳಿದರು. ಅವತ್ತು ಅಷ್ಟೆಲ್ಲಾ ಕೇಳಾಕ ಪುರಸೊತ್ತು ಇರಲಿಲ್ಲ. ಮುಂದ ಕಬ್ಬಿನ ಟ್ರ್ಯಾಕ್ಟರ್ ಹೊಂಟಿತ್ತು. ಎರಡು ಟ್ರಾಲಿ, ಹಿಂದ ಕೆಂಪು ದೀಪ ಇಲ್ಲ. ನಾನು "ತಡೀರಿ, ತಡೀರಿ" ಅಂತ ಚೀರಿದೆ. ಗಾಡಿ ಜಾರಿಕೋತ ಹೋಗಿ ನಿಂತಾಗ ಹೊರಗ ಚಾಚಿದ್ದ ಕಬ್ಬಿನ ತುದಿ ಬಾನೆಟ್ಟಿಗೆ ತಾಗಿತ್ತು. ಹಿಂದ ಕುಂತ ತಬಲಾದವರು ಊರು ಬರೋ ತನಕ ಒಂದು ಮಾತಾಡಲಿಲ್ಲ.

ದೀಪ ಇಲ್ಲದ ಟ್ರಾಲಿದು ಬ್ಯಾರೆ ತಕರಾರು. ಆದರ ಅಂಥ ರಸ್ತೆ ಮ್ಯಾಲೆ ಹೋಗುವ ಗಾಡಿಗೆ ಚಾಲಕನ ಕಣ್ಣು ಎರಡೂ ಹೊರಗೇ ಬೇಕಲ್ಲ! ಅರವತ್ತರ ವೇಗದಾಗ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಹೋಗತೈತಿ. ಎರಡು ಸೆಕೆಂಡು ಪರದೆ ನೋಡಿದರ ಮೂವತ್ತು ಮೀಟರ್ ಕಣ್ಣು ಮುಚ್ಚಿ ಹೊಡೆದಂಗ.

ನಾನು ಪೇಟಿ ಬಾರಿಸತೀನಿ. ಮೇಳದಾಗ ಹಾಡುವಾಗ ನನ್ನ ಕಣ್ಣು ಪೇಟಿ ಮ್ಯಾಲೆ ಇರೋದಿಲ್ಲ, ತಾಳದವನ ಕಡೆ, ಹಿಂದ ದನಿ ಕೂಡಿಸುವವರ ಕಡೆ ಇರತೈತಿ. ಬಹಳ ಸಲ ಮುಚ್ಚೇ ಇರತೈತಿ. ಕೈ ಹೆಂಗ ದಾರಿ ಹುಡುಕತೈತಿ? ಪೇಟಿ ಮಾಡಿದವನ ಜಾಣತನ ನೋಡ್ರಿ. ಕರಿ ಪಟ್ಟಿಗಳು ಎತ್ತರ ಅದಾವ, ಅದೂ ಸಮನಾಗಿ ಅಲ್ಲ, ಎರಡರದೊಂದು ಗುಂಪು, ಮೂರರದೊಂದು ಗುಂಪು. ಬೆರಳು ಸವರಿದ ಕೂಡಲೇ ನಾ ಎಲ್ಲಿದ್ದೀನಿ ಅಂತ ತಿಳೀತೈತಿ. ಎಲ್ಲಾ ಪಟ್ಟಿ ಒಂದೇ ಸಮ ಇದ್ದಿದ್ದರ ಕಣ್ಣಿಲ್ಲದವರು ಪೇಟಿ ಬಾರಿಸುವುದು ಎಷ್ಟು ಕಷ್ಟ ಆಗತಿತ್ತು! ನಮ್ಮ ಮೇಳದ ಒಬ್ಬ ಹುಡುಗ ಟ್ಯಾಬಿನಾಗ ಪೇಟಿ ತಂದು ತೋರಿಸಿದ. ಸ್ವರ ಶುದ್ಧ ಐತಿ, ಮಾತಿಲ್ಲ. ಆದರ ಅವನು ಬಾರಿಸೋವಾಗ ತಲಿ ಬಗ್ಗಿಸಿದವ ಮ್ಯಾಲೆ ಎತ್ತಲೇ ಇಲ್ಲ. ಗಾಜಿನ ಮ್ಯಾಲೆ ಷಡ್ಜಕ್ಕೂ ಪಂಚಮಕ್ಕೂ ಒಂದೇ ನುಣುಪು.

ಹೊಲದಾಗೂ ಹಂಗೇ. ಟ್ರ್ಯಾಕ್ಟರಿನ ಮ್ಯಾಲೆ ಕುಂತು ನೇಗಿಲು ಹೊಡೆಯುವಾಗ ನಾವು ಹಿಂದ ಹೊಳ್ಳಿ ಸಾಲು ನೋಡತಿರತೀವಿ, ನೇಗಿಲು ಎತ್ತುವ ಲಿವರ್ ಕೈಗೇ ಸಿಗತೈತಿ. ರಾತ್ರಿ ಪಾಳಿಯ ಕರೆಂಟು ಬಂದಾಗ ಬಾವಿ ಮ್ಯಾಲಿನ ಸ್ಟಾರ್ಟರ್ ಪೆಟ್ಟಿಗಿ ಮುಂದ ನಿಂತು, ಬ್ಯಾಟರಿ ಬೆಳಕು ಕಾಲ ಬುಡಕ ಹಿಡಿದಿರತೀನಿ, ಹಾವಿನ ಭಯಕ್ಕ. ನನ್ನ ಪೆಟ್ಟಿಗಿಯಾಗ ಹಸಿರು ಗುಂಡಿ ಒಳಗ ಕುಂತೈತಿ, ಕೆಂಪು ಗುಂಡಿ ಹೊರಗ ಬಂದೈತಿ. ಬಣ್ಣ ನೋಡುವ ಕೆಲಸೇ ಇಲ್ಲ.

ಇದು ಹಳೇ ಮುದುಕರ ಹಟ ಅಲ್ಲ ಅನ್ನೋದಕ್ಕ ದೊಡ್ಡ ದೇಶದವರ ಪರೀಕ್ಷೆ ಐತಿ. ಸ್ವೀಡನ್ನಿನ 'ವಿ ಬಿಲೆಗಾರೆ' ಅನ್ನುವ ವಾಹನ ಪತ್ರಿಕೆಯವರು 2022ರಲ್ಲಿ ಹನ್ನೊಂದು ಹೊಸ ಕಾರುಗಳನ್ನೂ 2005ರ ಒಂದು ಹಳೇ ವೋಲ್ವೋವನ್ನೂ ತಂದು, ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸಿ ನೋಡಿದರು. ಕೆಲಸ ಸಣ್ಣವು: ಸೀಟು ಬಿಸಿ ಮಾಡು, ರೇಡಿಯೋ ಕೇಂದ್ರ ಹಚ್ಚು, ಒಳಗಿನ ಬೆಳಕು ತಗ್ಗಿಸು, ಇಂಥವು. ಚಾಲಕರಿಗೆ ಮೊದಲೇ ಗಾಡಿ ರೂಢಿ ಮಾಡಿಕೊಳ್ಳಲು ಸಮಯ ಕೊಟ್ಟಿದ್ದರು. ಬಟನ್ನಿನ ಹಳೇ ವೋಲ್ವೋದಲ್ಲಿ ಎಲ್ಲಾ ಮುಗಿಯಲು ಹತ್ತು ಸೆಕೆಂಡು ಸಾಕಾಯಿತು, ಅಷ್ಟರಲ್ಲಿ ಗಾಡಿ 306 ಮೀಟರ್ ಓಡಿತ್ತು. ಎಲ್ಲಕ್ಕಿಂತ ಹಿಂದೆ ಬಿದ್ದ ಹೊಸ ಕಾರಿನಲ್ಲಿ ಸುಮಾರು 45 ಸೆಕೆಂಡು ಬೇಕಾಯಿತು, 1372 ಮೀಟರ್. ನಮ್ಮೂರ ಅಗಸಿಯಿಂದ ಹೊರಟರ ಕೆರಿ ದಾಟಿ ಹೋಗುವಷ್ಟು ದೂರ!

ಜರ್ಮನಿಯಲ್ಲಿ 2019ರಲ್ಲಿ ಒಬ್ಬ ಚಾಲಕ ಜೋರು ಮಳೆಯಲ್ಲಿ ವೈಪರಿನ ವೇಗ ಬದಲಿಸಲು ಟೆಸ್ಲಾದ ಪರದೆ ನೋಡುತ್ತಾ ರಸ್ತೆ ಬಿಟ್ಟು ಗಿಡಗಳಿಗೆ ಗುದ್ದಿದ. ಮರುವರ್ಷ ಕಾರ್ಲ್ಸ್‌ರೂಯಿನ ಮೇಲಿನ ಕೋರ್ಟು ಅವನಿಗೆ 200 ಯೂರೋ ದಂಡ, ಒಂದು ತಿಂಗಳು ಗಾಡಿ ಹೊಡೆಯಬಾರದು ಅಂತ ತೀರ್ಪು ಎತ್ತಿಹಿಡಿಯಿತು. ಪರದೆ ಮುಟ್ಟುವುದೂ ಮೊಬೈಲ್ ಹಿಡಿದಂಗೇ ಅಂತ ಕೋರ್ಟಿನ ಮಾತು. ಕಾನೂನಿನ ಲೆಕ್ಕಕ್ಕ ಸರಿ ಇರಬಹುದು. ಆದರ ವೈಪರನ್ನ ಪರದೆಯೊಳಗ ಇಟ್ಟವರಿಗೆ ದಂಡ ಇಲ್ಲೇನು ಅಂತ ನನ್ನ ಪ್ರಶ್ನೆ.

ಕಾರಷ್ಟೇ ಅಲ್ಲ, ಯುದ್ಧದ ಹಡಗಿನಾಗೂ ಇದು ನಡದೈತಿ. 2017ರ ಆಗಸ್ಟಿನಲ್ಲಿ ಸಿಂಗಾಪುರದ ಹತ್ತಿರ ಅಮೆರಿಕದ 'ಜಾನ್ ಎಸ್. ಮೆಕೇನ್' ಹಡಗು ಒಂದು ಎಣ್ಣೆ ಹಡಗಿಗೆ ಡಿಕ್ಕಿಯಾಗಿ ಹತ್ತು ಮಂದಿ ನಾವಿಕರು ಸತ್ತರು. ತರಬೇತಿ ಸಾಲದ್ದೂ ಕಾರಣ, ಹಡಗು ನಡೆಸುವ ಪರದೆ ಗೊಂದಲದ್ದಾಗಿದ್ದೂ ಕಾರಣ. ಎರಡು ವರ್ಷದ ಮೇಲೆ ಅವರ ನೌಕಾಪಡೆಯವರು ವೇಗ ಹಿಡಿಯುವುದಕ್ಕೆ ಮತ್ತೆ ಕೈಯಿಂದ ಎಳೆಯುವ ಹಿಡಿಕೆ ಹಾಕಲು ನಿರ್ಧಾರ ಮಾಡಿದರು.

ಈಗ ಗಾಳಿ ತಿರುಗಾಕ ಹತ್ತೈತಿ. ಯುರೋಪಿನಲ್ಲಿ ಕಾರಿಗೆ ಸುರಕ್ಷತೆಯ ನಕ್ಷತ್ರ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಇಂಡಿಕೇಟರ್, ಅಪಾಯದ ದೀಪ, ವೈಪರ್, ಹಾರ್ನು, ತುರ್ತು ಕರೆ, ಈ ಐದಕ್ಕೆ ಕೈಗೆ ಸಿಗುವ ಬಟನ್ನೇ ಇರಬೇಕು, ಇಲ್ಲದಿದ್ದರೆ ಅಂಕ ಕಡಿಮೆ ಅಂತ ಹೇಳಿದೆ. ಫೋಕ್ಸ್‌ವ್ಯಾಗನ್ ಕಂಪನಿಯ ವಿನ್ಯಾಸದ ಮುಖ್ಯಸ್ಥರೂ 2025ರಲ್ಲಿ, ಮುಖ್ಯವಾದ ಕೆಲಸಗಳಿಗೆ ಬಟನ್ನು ವಾಪಸ್ ತರತೀವಿ ಅಂದರು. ಅವರದೇ ಕೆಲವು ಕರೆಂಟಿನ ಕಾರಿನಲ್ಲಿ ದನಿ ಏರಿಸುವ ಜಾಗಕ್ಕೆ ರಾತ್ರಿ ಬೆಳಕೇ ಇರಲಿಲ್ಲ. ನಮ್ಮ ದೇಶದಾಗೂ 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಅಂತ ನಕ್ಷತ್ರ ಕೊಡತಾರ. ಅವರೂ ಬಟನ್ ಎಣಿಸಲಿ ಅನ್ನೋದು ನನ್ನ ಬೇಡಿಕೆ.

ಪರದೆಯೇ ಬ್ಯಾಡ ಅನ್ನುವವ ನಾನಲ್ಲ. ದಾರಿ ತೋರಿಸೋ ನಕಾಶೆಗೆ ಅದು ಬೇಕು. ಗಾಡಿ ಹಿಂದಕ್ಕ ತಗೋಳೋವಾಗ ಹಿಂದಿನ ಕ್ಯಾಮೆರಾ ತೋರಿಸತೈತಿ, ಮನಿ ಮುಂದ ಆಡುವ ಕೂಸುಗಳ ಸಲುವಾಗಿ ಅದು ಇರಲೇಬೇಕು. ಚಾರ್ಜು ಎಷ್ಟೈತಿ ಅಂತ ನೋಡಾಕೂ ಬೇಕು. ಇವೆಲ್ಲಾ ಕಣ್ಣಿನ ಕೆಲಸ. ಗಾಳಿ, ಗಾಜು, ದೀಪ, ದನಿ ಕೈಯ ಕೆಲಸ, ಅವನ್ನ ಕೈಗೆ ಬಿಡಲಿ.

ಗಡಿಯವರಾದ ನಮಗ ಇನ್ನೂ ಒಂದು ಐತಿ. ಊರ ಬೋರ್ಡು ಮರಾಠಿ, ಶಾಲಿ ಕನ್ನಡ, ಅಳಿಯಂದಿರ ಪರದೆ ಇಂಗ್ಲಿಷು. ನನ್ನ ಹೆಂಡತಿ ಆ ಗಾಡಿಯಾಗ ಮುಂದ ಕುಂತರ, ಚಳಿಗೆ ನಡುಗತಿದ್ದರೂ ಗಾಳಿ ಕಡಿಮಿ ಮಾಡಾಕ ಬರೋದಿಲ್ಲ, ಸೆರಗು ಹೊತ್ತುಕೊಂಡು ಕೂಡತಾಳ. ಮಾತಾಡಿದರ ಕೇಳತೈತಿ ಅಂತ ಅಳಿಯಂದಿರು ಹೇಳಿದರು. ನಮ್ಮ ಮಾತು ಆ ಗಾಡಿಗೆ ತಿಳೀಲಿಲ್ಲ. ಅದೇ ಜೀಪಿನಾಗಿನ ಫ್ಯಾನಿನ ಗುಂಡಿ ತಿರುವಾಕ ಆಕಿಗೆ ಯಾರೂ ಕಲಿಸಿರಲಿಲ್ಲ.

ನಮ್ಮ ಓಣಿಯ ಹುಡುಗ ಒಬ್ಬ ಕರೆಂಟಿನ ಕಾರು ತಗೋಳಾಕ ಹೊಂಟಾನ. "ಕಾಕಾ, ಯಾವುದು ತಗೋಳ್ಳಿ?" ಅಂದ. ನನಗೇನು ಗೊತ್ತಪಾ. "ಅಂಗಡ್ಯಾಗ ಗಾಡಿಯೊಳಗ ಕುಂತು ಕಣ್ಣು ಮುಚ್ಚು. ಹಾರ್ನು, ವೈಪರ್, ಅಪಾಯದ ದೀಪ, ಗಾಜಿನ ಮಬ್ಬು ತೆಗಿಯೋದು, ಈ ನಾಲ್ಕು ಕೈಗೆ ಸಿಗತಾವೇನು ನೋಡು. ಎರಡು ಸಲ ತಪ್ಪಿದರ ನಡೀತೈತಿ, ಮೂರನೇ ಸಲಕ್ಕ ಸಿಗಬೇಕು" ಅಂದೆ. ಅಂಗಡಿಯವರು ನಗತಾರ ಕಾಕಾ, ಅಂದ. ನಗಲಿ ಬಿಡು ಅಂದೆ. ಬರುವ ಸೋಮವಾರ ಮಿರಜಿಗೆ ಹೋಗೋದು ಅಂತ ಆಗೇತಿ, ನನ್ನನ್ನೂ ಕರಕೊಂಡು ಹೋಗತಾನಂತ.