ಬಿಟ್ಟ ಗೀರು

ಮಹಾಲಿಂಗಪುರದಲ್ಲಿ ಕಾರಿಗೆ ಗೀರು ಬೀಳುವುದಕ್ಕೂ ಒಂದು ಹಂಗಾಮು ಇದೆ. ದೀಪಾವಳಿಯ ಆಸುಪಾಸಿಗೆ ಸುತ್ತಲಿನ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದವೆಂದರೆ ಮುಧೋಳದ ರಸ್ತೆಯೂ ಟ್ರ್ಯಾಕ್ಟರುಗಳ ಪಾಲು, ರಬಕವಿಯ ರಸ್ತೆಯೂ ಟ್ರ್ಯಾಕ್ಟರುಗಳ ಪಾಲು. ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು, ಮೇಲೆ ಮಾಳಿಗೆಯೆತ್ತರ ಕಬ್ಬು ಹೇರಿಕೊಂಡು ಸಾಗುತ್ತವೆ. ಬದಿಗೆ ಜೋತುಬಿದ್ದ ರವದಿ, ಅಂದರೆ ಕಬ್ಬಿನ ಒಣ ಎಲೆ, ಪಕ್ಕದಲ್ಲಿ ಹಾಯುವ ಕಾರಿನ ಮೈ ಸವರಿಕೊಂಡು ಹೋಗುತ್ತದೆ. ಕಬ್ಬಿನ ಎಲೆಯ ಅಂಚಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಿವೆ; ಅವುಗಳಲ್ಲಿ ಸಿಲಿಕಾ ತುಂಬಿದೆ, ಮರಳಿನಲ್ಲಿರುವ ಅದೇ ಸಿಲಿಕಾ. ಕಬ್ಬು ಕಡಿಯುವವರ ಮುಂಗೈ ನೋಡಿದವರಿಗೆ ಅದರ ಹರಿತವನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಎಲ್ಲ ತಪ್ಪನ್ನೂ ಕಬ್ಬಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಹೆಚ್ಚಿನ ಗೀರುಗಳು ಬೀಳುವುದು ನಮ್ಮ ಕೈಯಲ್ಲಿರುವ ಅರಿವೆಯಿಂದ. ರಾತ್ರಿ ಕೂತ ಧೂಳು, ಬೆಲ್ಲದ ಗಾಣಗಳ ಒಲೆಯಿಂದ ಹಾರಿ ಬಂದ ಕರಿ ಬೂದಿ, ಇವನ್ನು ಬೆಳಿಗ್ಗೆ ಎದ್ದು ಒಣ ಅರಿವೆಯಿಂದ ಝಾಡಿಸಿ ಒರೆಸುತ್ತೇವಲ್ಲ, ಆಗ ಧೂಳಿನೊಳಗಿನ ಒಂದೊಂದು ಹರಳೂ ಬಣ್ಣದ ಮೇಲೆ ತನ್ನ ಗೆರೆ ಎಳೆಯುತ್ತದೆ. ಪ್ರೀತಿಯಿಂದ ದಿನಾ ಒರೆಸಿದ ಕಾರಿನ ಮೇಲೆ ಗೀರು ಹೆಚ್ಚು, ಮಳೆಗೆ ಬಿಟ್ಟ ಕಾರಿನ ಮೇಲೆ ಕಡಿಮೆ. ಮೊದಲು ನೀರು ಹೊಯ್ದು ಧೂಳು ಇಳಿಸಿ, ಆಮೇಲೆ ಕೈ ಮುಟ್ಟಿಸಿ ಎಂದು ನಾನು ಓಣಿಯಲ್ಲಿ ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ.

ನನಗೆ ಈ ಗೀರುಗಳನ್ನು ನೋಡುವುದೇ ಒಂದು ಸುಖ. ಅದಕ್ಕೆ ಬೆಳಗಿನ ಎಳೆಬಿಸಿಲು ಬೇಕು. ಮೋಡವಿದ್ದ ದಿನ ಯಾವ ಕಾರಾದರೂ ಹೊಸದರಂತೆ ಕಾಣುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಬಾನೆಟ್ಟಿನಲ್ಲಿ ಸೂರ್ಯನ ಬಿಂಬ ಮೂಡಿ, ಅದರ ಸುತ್ತ ಉಂಗುರ ಉಂಗುರವಾಗಿ ಸಣ್ಣ ಗೆರೆಗಳು ಏಳುತ್ತವೆ. ಅವು ದುಂಡಗಿರುವುದಿಲ್ಲ. ಎಲ್ಲ ದಿಕ್ಕಿಗೂ ಹರಡಿದ ಗೀರುಗಳಲ್ಲಿ ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಮಿಂಚುವುದರಿಂದ ಹಾಗೆ ಕಾಣುತ್ತವೆ. ನಾವು ಒಂದು ಹೆಜ್ಜೆ ಸರಿದರೆ ಉಂಗುರವೂ ನಮ್ಮ ಜೊತೆ ಸರಿಯುತ್ತದೆ. ಬಿಳಿ ಕಾರಿನಲ್ಲಿ ಇದನ್ನು ಹುಡುಕಬೇಕು. ಕರಿ ಕಾರು ಯಾವುದನ್ನೂ ಮುಚ್ಚಿಡುವುದಿಲ್ಲ.

ಗೀರು ತೆಗೆಯುವುದು ಎಂದರೆ ಗೀರನ್ನು ತೆಗೆಯುವುದಲ್ಲ. ಗೀರು ಒಂದು ತಗ್ಗು, ತಗ್ಗನ್ನು ತೆಗೆಯಲು ಬರುವುದಿಲ್ಲ. ಅದರ ಸುತ್ತಲಿನ ಬಣ್ಣವನ್ನೆಲ್ಲ ಆ ತಗ್ಗಿನ ತಳದವರೆಗೆ ಇಳಿಸುತ್ತೇವೆ, ಅಷ್ಟೇ. ಒಂದು ಗೆರೆಯ ಸಲುವಾಗಿ ಅಂಗೈಯಗಲದ ಒಳ್ಳೆಯ ಬಣ್ಣ ಸವೆಯಬೇಕು. ಇದು ತಿಳಿದ ಮೇಲೆ ಪಾಲಿಶ್ ಹಿಡಿದ ಕೈಗೆ ತಾನಾಗಿಯೇ ಒಂದು ತೂಕ ಬರುತ್ತದೆ.

ಸವೆಸಲು ಇರುವುದಾದರೂ ಎಷ್ಟು? ಈಗಿನ ಕಾರುಗಳಿಗೆ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ, ಕ್ಲಿಯರ್ ಕೋಟ್. ಕಾರ್ಖಾನೆಯ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 35ರಿಂದ 50. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಒಂದು. ಬೆಳಿಗ್ಗೆ ಬಾಗಿಲಿಗೆ ಬೀಳುವ ಪತ್ರಿಕೆಯ ಒಂದು ಹಾಳೆಗಿಂತ ಕ್ಲಿಯರ್ ಕೋಟ್ ತೆಳು. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವ ರಾಸಾಯನಿಕ ಇರುವುದೂ ಈ ಪದರದಲ್ಲೇ. ಅದು ತೀರಾ ತೆಳುವಾದರೆ ಕೆಲವು ಬೇಸಿಗೆಗಳಲ್ಲಿ ಟಾಪು, ಬಾನೆಟ್ಟುಗಳ ಮೇಲೆ ಬೆಳ್ಳಗೆ ಪೊರೆ ಏಳುತ್ತದೆ. ಅಲ್ಲಿಗೆ ಪಾಲಿಶಿನ ಕೆಲಸ ಮುಗಿಯಿತು; ಮತ್ತೆ ಬಣ್ಣವೇ ಹೊಡೆಸಬೇಕು.

ಹಳೆಯ ಅಂಬಾಸಡರುಗಳಲ್ಲಿ ಈ ಮೇಲ್ಪದರ ಇರಲಿಲ್ಲ. ರಬ್ಬಿಂಗ್ ಕಂಪೌಂಡ್ ಹಾಕಿ ತಿಕ್ಕಿದರೆ ಅರಿವೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು, ಎಷ್ಟು ತಿಂದೆವು ಎನ್ನುವುದಕ್ಕೆ ಆ ಅರಿವೆಯೇ ಸಾಕ್ಷಿ. ಈಗ ಕ್ಲಿಯರ್ ಕೋಟ್ ಸವೆದರೆ ಅರಿವೆಯ ಮೇಲೆ ಯಾವ ಬಣ್ಣವೂ ಇಲ್ಲ. ಬಣ್ಣ ಹತ್ತಿತೆಂದರೆ ಆಗಲೇ ಮೇಲ್ಪದರ ದಾಟಿ ಹೋಗಿದ್ದೇವೆಂದು ಅರ್ಥ. ಹಾಗಾಗಿ ಇಂದಿನ ಕೆಲಸಕ್ಕೆ ಅಂದಿಗಿಂತ ಹೆಚ್ಚಿನ ಎಚ್ಚರ ಬೇಕು ಎಂದು ನನಗನ್ನಿಸುತ್ತದೆ.

ನಮ್ಮದೇ ಜಿಲ್ಲೆಯ ಇಳಕಲ್ಲಿಗೆ ಹೋದಾಗ ಅಲ್ಲಿನ ಕೆಂಪು ಗ್ರಾನೈಟಿಗೆ ಹೊಳಪು ಕೊಡುವುದನ್ನು ನಾನು ನಿಂತು ನೋಡುತ್ತೇನೆ. ಒರಟು ಸಾಣೆಯಿಂದ ಶುರು ಮಾಡಿ ನುಣುಪಿನದಕ್ಕೆ, ಅದಕ್ಕಿಂತ ನುಣುಪಿನದಕ್ಕೆ, ನೀರು ಬಿಡುತ್ತ ಬಿಡುತ್ತ, ಮುಖ ಕಾಣುವವರೆಗೆ ಒಯ್ಯುತ್ತಾರೆ. ನಾನು ಮಾಡುವುದೂ ಅದನ್ನೇ. ದೊಡ್ಡ ಗೀರನ್ನು ಸಣ್ಣ ಗೀರಿನಿಂದ, ಸಣ್ಣದನ್ನು ಕಣ್ಣಿಗೆ ನಿಲುಕದ ಗೀರಿನಿಂದ ಅಳಿಸುವುದು. ಆದರೆ ಅವರ ಕೈ ಕೆಳಗಿರುವುದು 20 ಮಿಲಿಮೀಟರ್ ದಪ್ಪದ ಹಲಗೆ, ಮೇಲಿನಿಂದ ತಳದವರೆಗೆ ಒಂದೇ ಕಲ್ಲು. ಅವರು ಹೊಳಪು ಬರುವವರೆಗೆ ತಿಕ್ಕಬಹುದು. ನಾನು ಹೊಳಪು ಬರುವುದಕ್ಕೆ ಮುಂಚೆಯೇ ನಿಲ್ಲಬೇಕಾದ ಜಾಗಗಳಿವೆ, ಮತ್ತು ಆ ಜಾಗಗಳನ್ನು ಗುರುತಿಸುವುದೇ ನನಗೆ ಈ ಕೆಲಸದ ರುಚಿ.

ಮೊನ್ನೆ ನಮ್ಮ ಓಣಿಯ ಹುಡುಗ ತನ್ನ ಕರಿ ಕಾರು ತಂದು ನಿಲ್ಲಿಸಿದ. ಅಕ್ಕನ ಮದುವೆ ಹತ್ತಿರ ಬಂದಿತ್ತು.

“ಕಾಕಾ, ಒಂದ್ ಗೀರೂ ಕಾಣಬಾರದ ನೋಡ್ರಿ.”

“ಕಾಣದಂಗ ಮಾಡೋದು ಬ್ಯಾರೆ, ಇರದಂಗ ಮಾಡೋದು ಬ್ಯಾರೆ ತಮ್ಮಾ. ಎರಡರಾಗ ಯಾವುದು ಬೇಕು?”

ಅವನಿಗೆ ಉತ್ತರ ತೋಚಲಿಲ್ಲ. ಇಬ್ಬರೂ ಸೇರಿ ಕಾರು ತೊಳೆದೆವು. ಬೋರಿನ ನೀರಿನ ಬಿಳಿ ಕಲೆ ಉಳಿಯದಂತೆ ನೆರಳಲ್ಲೇ ಒರೆಸಿದೆವು. ಬಾಗಿಲಿನ ಅಂಚು, ಮೈಯುದ್ದಕ್ಕೂ ಹೋದ ಏಣು, ಇವುಗಳ ಮೇಲೆ ಟೇಪ್ ಹಚ್ಚಿದೆ. ಬಣ್ಣ ಹಸಿಯಿದ್ದಾಗ ಚೂಪಾದ ಏಣಿನಿಂದ ಹಿಂದೆ ಸರಿಯುತ್ತದೆ, ಆದ್ದರಿಂದ ಅಲ್ಲಿ ಪದರ ತೆಳು. ಮಷೀನಿನ ಒತ್ತಡವೂ ಅಲ್ಲಿಯೇ ಹೆಚ್ಚು ಬೀಳುತ್ತದೆ. ಪ್ಲಾಸ್ಟಿಕ್ಕಿನ ಬಂಪರಿನಲ್ಲಿ ಇನ್ನೊಂದು ತೊಂದರೆ: ತಗಡಿನಂತೆ ಅದು ಬಿಸಿಯನ್ನು ಹರಡಿಬಿಡುವುದಿಲ್ಲ, ಒಂದೇ ಕಡೆ ಕಾಯುತ್ತದೆ.

ಹಿಂದಿನ ಬಾಗಿಲಿನ ಒಂದು ಮೂಲೆಯಲ್ಲಿ ಗೇಣಗಲದ ಜಾಗ ಆರಿಸಿ ಅಲ್ಲಿ ಮಾತ್ರ ಪರೀಕ್ಷೆ. ಎಲ್ಲಕ್ಕಿಂತ ಮೆತ್ತನೆಯ ಸ್ಪಂಜು, ಎಲ್ಲಕ್ಕಿಂತ ನುಣುಪಾದ ಪಾಲಿಶ್, ನಾಲ್ಕು ಹನಿ. ನನ್ನದು ತಿರುಗುತ್ತಲೇ ಆಚೀಚೆ ಓಲಾಡುವ ಮಷೀನು. ಬರೀ ಗರಗರ ತಿರುಗುವ ಮಷೀನಿಗಿಂತ ಇದು ನಿಧಾನ, ಆದರೆ ಬಣ್ಣ ಸುಡುವ ಭಯ ಕಡಿಮೆ. ಅಡ್ಡ ಒಂದು ಸಲ, ಉದ್ದ ಒಂದು ಸಲ, ಅವಸರವಿಲ್ಲದೆ. ಇಷ್ಟರಲ್ಲಿ ಹೋಗುವುದು ಒಂದು ಮೈಕ್ರಾನಿನ ಆಸುಪಾಸು. ಆಮೇಲೆ ಸ್ಪಿರಿಟ್ ಹಾಕಿ ಒರೆಸುತ್ತೇನೆ. ಪಾಲಿಶಿನೊಳಗಿನ ಎಣ್ಣೆ ಗೀರಿನಲ್ಲಿ ತುಂಬಿಕೊಂಡು ಗೀರು ಹೋದಂತೆ ತೋರಿಸುತ್ತದೆ. ನಾಲ್ಕು ಸಲ ತೊಳೆದರೆ ಮತ್ತೆ ಎದ್ದು ಬರುತ್ತದೆ. ಸ್ಪಿರಿಟ್ಟಿಗೆ ಆ ಎಣ್ಣೆ ಬಿಟ್ಟುಹೋಗಿ ಉಳಿದದ್ದು ಮಾತ್ರ ಕಾಣುತ್ತದೆ.

ಬ್ಯಾಟರಿ ಬೆಳಕು ಹಿಡಿದು ನೋಡಿದರೆ ಉಂಗುರಗಳು ಮುಕ್ಕಾಲು ಪಾಲು ಮಾಯ. ಹುಡುಗ ಬಾಗಿ ನೋಡಿ ತನ್ನ ಮುಖವನ್ನೇ ಕಂಡು ನಕ್ಕ. ಆ ಗೇಣಗಲದ ಕರಿ, ಸುತ್ತಲಿನ ಕರಿಗಿಂತ ಎಷ್ಟೋ ಆಳವಾಗಿತ್ತು. ಮೊದಲ ಬಾರಿ ಬಣ್ಣ ಹಾಗೆ ತೆರೆದುಕೊಳ್ಳುವ ಗಳಿಗೆ ನನಗೆ ಎಂದೂ ಹಳತಾಗಿಲ್ಲ. ಒರಟು ಕಂಪೌಂಡ್ ಬೇಕಿಲ್ಲ ಎಂದು ಅಲ್ಲಿಯೇ ತೀರ್ಮಾನವಾಯಿತು.

ಉಳಿದದ್ದು ಅದೇ ಬಾಗಿಲಿನ ಮೇಲೆ ರವದಿ ಎಳೆದ ಉದ್ದನೆಯ ಒಂದು ಗೆರೆ. ಅದರ ಮೇಲೆ ಉಗುರು ಅಡ್ಡ ಎಳೆದೆ, ತುಸುವೇ ತಡೆಯಿತು. ಉಗುರಿಗೆ ಸಿಗುವ ಗೀರು ಸಾಮಾನ್ಯವಾಗಿ ಪಾಲಿಶಿಗೆ ಸಿಗುವುದಿಲ್ಲ. ಸಿಗಿಸಲೇಬೇಕೆಂದರೆ 2000 ನಂಬರಿನ, ನೀರು ಹಾಕಿ ಉಜ್ಜುವ ಮರಳುಕಾಗದದಿಂದ ತಿಕ್ಕಿ, ಅದರ ಗುರುತನ್ನು 3000ದಿಂದ ತಿಕ್ಕಿ, ಆಮೇಲೆ ಕಂಪೌಂಡ್, ಆಮೇಲೆ ಪಾಲಿಶ್. ಹೋಗುತ್ತದೆ, ಅದರ ಜೊತೆಗೆ ಆ ಬಾಗಿಲಿನ ಎಷ್ಟೋ ವರ್ಷಗಳ ಆಯುಷ್ಯವೂ ಹೋಗುತ್ತದೆ.

“ಇದನ್ನೊಂದು ತಗೀರಿ ಕಾಕಾ.”

“ತಗದರ ಮ್ಯಾಲಿನ ಪದರಾ ಅರ್ಧಾ ಆಗತೈತಿ. ಅದನ್ನ ಮತ್ತ ಹಚ್ಚಾಕ ಬರಂಗಿಲ್ಲ. ಈ ಗಾಡಿ ಇನ್ನಾ ಎಷ್ಟ್ ವರ್ಷ ಇಟ್ಕೊಳ್ಳಾಂವ ನೀ?”

“ಹತ್ತ್ ವರ್ಷರ ಇಟ್ಕೊಬೇಕ್ರಿ. ಸಾಲಾನ ಐದ್ ವರ್ಷದ್ದ ಐತಿ.”

ಹತ್ತು ವರ್ಷದ ಲೆಕ್ಕಕ್ಕೆ ಹೊಂದುವ ಕೆಲಸ ಬೇರೆಯೇ. ಗೀರು ಎದ್ದು ಕಾಣುವುದು ಅದರ ಎರಡು ಚೂಪು ದಂಡೆಗಳಿಗೆ ಬೆಳಕು ಬಡಿದಾಗ. ಆ ದಂಡೆಗಳನ್ನು ಮೊಂಡು ಮಾಡಿದರೆ ತಗ್ಗು ಅಲ್ಲೇ ಇದ್ದರೂ ಬೆಳಕು ಅದರ ಮೇಲೆ ಜಾರಿಹೋಗುತ್ತದೆ. ಅದೇ ನುಣುಪು ಪಾಲಿಶಿನಿಂದ ಆ ಗೆರೆಯ ಮೇಲೆ ಇನ್ನೊಂದಿಷ್ಟು ಓಡಾಡಿದೆ, ಮತ್ತೆ ಒರೆಸಿದೆ. ಎರಡು ಮಾರು ದೂರ ನಿಂತ ಹುಡುಗ ಅದನ್ನು ಹುಡುಕಿದ. ಹತ್ತಿರ ಬಂದು ಬೆರಳಾಡಿಸಿ, “ಐತಿ, ಆದ್ರ ಕಾಣವಲ್ತು” ಎಂದ. ನಾನು ಮಷೀನು ಬಂದ್ ಮಾಡಿದೆ.

ಉಳಿದ ಬಾಗಿಲುಗಳನ್ನು ಬಿಸಿಲೇರುವುದರೊಳಗೆ ಅದೇ ಅಳತೆಯಲ್ಲಿ ಮುಗಿಸಿದೆವು. ಕಾದ ತಗಡಿನ ಮೇಲೆ ಪಾಲಿಶ್ ಒಣಗಿ ಹತ್ತಿಕೊಳ್ಳುತ್ತದೆ. ಟಾಪಿನ ಮೇಲೆಯೂ ಉಂಗುರಗಳಿದ್ದವು, ಅದನ್ನೂ ಮಾಡಿಬಿಡಿ ಎಂದು ಅವನು ಕೇಳಿದ. ನಮ್ಮ ಕಡೆಯ ಬಿಸಿಲನ್ನು ಪೂರ್ತಿ ಹೊರುವುದು ಟಾಪು. ಅದನ್ನು ಬಾಗಿ ನೋಡುವವರೂ ಇಲ್ಲ. ಅದಕ್ಕೆ ಮಷೀನು ಮುಟ್ಟಿಸದೆ ಬರೀ ವ್ಯಾಕ್ಸ್ ಹಚ್ಚಿ, ಕೀಲಿಕೈ ಅವನ ಕೈಗಿಟ್ಟೆ.